ಜಸ್ಟಿನ್‌ಗಿಟಾರ್ ಬಿಗಿನರ್ ಕೋರ್ಸು: ಮಲೆನಾಡಿನಲ್ಲಿ ಕೂತು ಗಿಟಾರ್ ಶುರು ಮಾಡುವವರಿಗೆ

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲೋ, ಇಲ್ಲಾ ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವಿನ ಒಂಟಿ ಮನೆಯಲ್ಲೋ ಇದ್ದುಕೊಂಡು, ಗಿಟಾರ್ ಮುಟ್ಟಿಯೇ ನೋಡದವರು ಕಲಿಯಲು ಶುರು ಮಾಡಬೇಕು ಅಂದರೆ ಜಸ್ಟಿನ್‌ಗಿಟಾರ್‌ನ ಬಿಗಿನರ್ ಕೋರ್ಸಿಗಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ದುಡ್ಡು ಕೊಡಬೇಕಾಗಿಲ್ಲ. ಪಾಠಗಳ ಕ್ರಮ ಚೆನ್ನಾಗಿದೆ. ಆದರೆ ಈ ಕೋರ್ಸು ನಿಮ್ಮ ಕೈಲಿರುವ ಗಿಟಾರ್ ಸರಿಯಾಗಿದೆ ಅಂತ ನಂಬಿಕೊಂಡು ಪಾಠ ಹೇಳುತ್ತದೆ. ನಮ್ಮ ಕಡೆ, ಅದರಲ್ಲೂ ಮಳೆಗಾಲದಲ್ಲಿ, ಆ ನಂಬಿಕೆ ಎಷ್ಟೋ ಸಲ ಸುಳ್ಳಾಗುತ್ತದೆ. ಹಾಗಾಗಿ ಅರ್ಧ ಕೋರ್ಸಿನ ಬಗ್ಗೆ, ಅರ್ಧ ಗಿಟಾರಿನ ಬಗ್ಗೆ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ: ಜಸ್ಟಿನ್ ಸ್ಯಾಂಡರ್ಕೋ ಅಂತ ಆಸ್ಟ್ರೇಲಿಯಾದ ಟಾಸ್ಮೇನಿಯಾ ಕಡೆಯವರು. 2003ರಲ್ಲಿ ಈ ವೆಬ್‌ಸೈಟ್ ಶುರು ಮಾಡಿದರು. ವಿಡಿಯೊ ಪಾಠಗಳು ಸೈಟಿನಲ್ಲೂ ಇವೆ, ಯೂಟ್ಯೂಬಿನಲ್ಲೂ ಇವೆ. ಹಾಡಿನ ಜೊತೆ ನುಡಿಸುವ ಆ್ಯಪ್ ಒಂದಿದೆ, ಅದಕ್ಕೆ ಚಂದಾ ಕಟ್ಟಬೇಕು. ಆ್ಯಪ್ ಇಲ್ಲದೆಯೂ ಕೋರ್ಸು ಪೂರ್ತಿ ನಡೆಯುತ್ತದೆ, ನಾವು ಹಾಗೇ ಮಾಡಿದ್ದು. ನಾವು ಅಂದರೆ ನಾನು ಮತ್ತು ನನ್ನ ತಂಗಿಯ ಮಗಳು ಪುಟ್ಟಿ. ಅವಳು ಹೈಸ್ಕೂಲು, ನಾನು ನಲವತ್ತು ದಾಟಿದವನು. ಒಂದೇ ಪಾಠ ಇಬ್ಬರಿಗೂ ಹಿಡಿಸಿತು. ಅದನ್ನು ಈ ಕೋರ್ಸಿನ ದೊಡ್ಡ ಗುಣ ಅಂತಲೇ ಹೇಳಬೇಕು.

ಯೂಟ್ಯೂಬಿನಲ್ಲಿ ಗಿಟಾರ್ ಪಾಠಕ್ಕೇನು ಬರ ಇಲ್ಲ. ಕನ್ನಡದಲ್ಲೂ ಒಳ್ಳೊಳ್ಳೆಯವರು ಹೇಳಿಕೊಡುತ್ತಿದ್ದಾರೆ. ತೊಂದರೆ ಅಂದರೆ ಒಂದು ವಿಡಿಯೊ ನೋಡಿದ ಮೇಲೆ ಮುಂದೆ ಯಾವುದು ನೋಡಬೇಕು ಅಂತ ಹೇಳುವವರು ಇರುವುದಿಲ್ಲ. ಇವತ್ತು ಸಿ ಕಾರ್ಡ್ (ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವುದು), ನಾಳೆ ಯಾವುದೋ ಸಿನಿಮಾ ಹಾಡಿನ ಪಲ್ಲವಿ, ನಾಡಿದ್ದು ಎಫ್ ಕಾರ್ಡ್. ಎಫ್ ಹತ್ತಿರ ಬಂದಾಗ ಬೆರಳು ಸೋತು ಗಿಟಾರ್ ಗೋಡೆಗೆ ಹೋಗುತ್ತದೆ. ಎಷ್ಟು ಮನೆಗಳಲ್ಲಿ ನೋಡಿದ್ದೇನೆ! ಜಸ್ಟಿನ್ ಕೋರ್ಸಿನ ಮೊದಲ ಗ್ರೇಡಿನಲ್ಲಿ ಎಫ್‌ನ ಪೂರ್ತಿ ಬಾರ್ ಕಾರ್ಡಿನ, ಅಂದರೆ ಒಂದೇ ಬೆರಳನ್ನು ಎಲ್ಲ ತಂತಿಯ ಮೇಲೂ ಅಡ್ಡ ಒತ್ತುವ ಕಾರ್ಡಿನ, ಗೋಜೇ ಇಲ್ಲ. ಅಲ್ಲಿ ಬರುವುದು ಎ, ಡಿ, ಇ, ಆಮೇಲೆ ಎ ಮೈನರ್, ಇ ಮೈನರ್, ಡಿ ಮೈನರ್, ಸಿ, ಜಿ. ಈ ಎಂಟು ಓಪನ್ ಕಾರ್ಡ್ (ಕೆಲವು ತಂತಿ ಒತ್ತದೆ ಹಾಗೇ ಬಿಡುವಂಥವು) ಕೈಗೆ ಕೂತ ಮೇಲೆ ಉಳಿದದ್ದು. ಈ ತಾಳ್ಮೆ ನನಗೆ ಬಹಳ ಇಷ್ಟವಾಯಿತು.

ಶುರುವಾಗುವುದು ಎ ಮತ್ತು ಡಿ ಕಾರ್ಡಿನಿಂದ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಆ ಮನುಷ್ಯ ಎಷ್ಟು ಯೋಚನೆ ಮಾಡಿ ಪಾಠ ಕಟ್ಟಿದ್ದಾರೆ ಅನ್ನುವುದು ಈ ಒಂದು ಜಾಗದಲ್ಲೇ ಗೊತ್ತಾಗುತ್ತದೆ. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡ ಹಾಕಿದ ಕಂಬಿಗಳ ನಡುವಿನ ಮನೆ; ತಂತಿಯ ಲೆಕ್ಕದಲ್ಲಿ ಅತಿ ತೆಳುವಿನದು ಒಂದನೆಯದು, ಅತಿ ದಪ್ಪದ್ದು ಆರನೆಯದು. ಎ ಕಾರ್ಡಿಗೆ ಎರಡನೇ ಫ್ರೆಟ್ಟಿನಲ್ಲಿ ನಾಲ್ಕು, ಮೂರು, ಎರಡನೇ ತಂತಿ ಒತ್ತಬೇಕು. ಸಾಮಾನ್ಯವಾಗಿ ತೋರು ಬೆರಳು, ನಡು ಬೆರಳು, ಉಂಗುರ ಬೆರಳು ಅಂತ ಸಾಲಾಗಿ ಇಡಿಸುತ್ತಾರೆ. ಇವರು ಹಾಗೆ ಮಾಡುವುದಿಲ್ಲ. ನಡು ಬೆರಳನ್ನು ನಾಲ್ಕನೇ ತಂತಿಗೆ, ತೋರು ಬೆರಳನ್ನು ಮೂರನೇ ತಂತಿಗೆ, ಉಂಗುರ ಬೆರಳನ್ನು ಎರಡನೇ ತಂತಿಗೆ ಇಡಿಸುತ್ತಾರೆ. ಮೊದಲು ನೋಡಿದಾಗ ಇದೇನಿದು ಬೆರಳು ಅಡ್ಡಡ್ಡ ಹೋಗುತ್ತಿದೆಯಲ್ಲ ಅನ್ನಿಸುತ್ತದೆ. ಆದರೆ ಡಿ ಕಾರ್ಡಿಗೆ ಹೋಗುವಾಗ ನೋಡಿ. ಡಿಯಲ್ಲೂ ತೋರು ಬೆರಳು ಮೂರನೇ ತಂತಿಯ ಎರಡನೇ ಫ್ರೆಟ್ಟಿನಲ್ಲೇ ಇರಬೇಕು. ಅಂದರೆ ಅದು ಏಳುವುದೇ ಬೇಡ! ಉಂಗುರ ಬೆರಳು ಅದೇ ಎರಡನೇ ತಂತಿಯ ಮೇಲೆ ಒಂದು ಫ್ರೆಟ್ ಮುಂದೆ ಜಾರುತ್ತದೆ. ನಿಜವಾಗಿ ಎದ್ದು ಹೋಗಿ ಕೂರುವುದು ನಡು ಬೆರಳೊಂದೇ, ನಾಲ್ಕನೇ ತಂತಿಯಿಂದ ಒಂದನೇ ತಂತಿಗೆ. ಇ ಕಾರ್ಡಿಗೆ ಹೋಗುವಾಗ ಅದೇ ತೋರು ಬೆರಳು ಮೂರನೇ ತಂತಿಯಲ್ಲೇ ಒಂದು ಫ್ರೆಟ್ ಹಿಂದೆ ಜಾರುತ್ತದೆ. ಹೊಸಬರಿಗೆ ಮೂರೂ ಬೆರಳು ಒಟ್ಟಿಗೆ ಎತ್ತಿ ಕತ್ತಲಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

ನಮಗೆ ಇನ್ನೊಂದು ಲಾಭ ಇದೆ. ಎ ಅನ್ನು ಸ ಅಂತ ಇಟ್ಟುಕೊಳ್ಳಿ. ಡಿ ಅಂದರೆ ಶುದ್ಧ ಮಧ್ಯಮ, ಇ ಅಂದರೆ ಪಂಚಮ. ಈ ಮೂರು ಕಾರ್ಡುಗಳ ಸ್ವರ ಸೇರಿಸಿದರೆ ಶಂಕರಾಭರಣದ ಏಳೂ ಸ್ವರ ಬಂದುಬಿಡುತ್ತವೆ. ಹಾಗಾಗಿ ಆ ನೆಲೆಯ ಎಷ್ಟೋ ಭಾವಗೀತೆ, ಮಕ್ಕಳ ಹಾಡು, ಹಳೇ ಸಿನಿಮಾ ಹಾಡುಗಳಿಗೆ ಈ ಮೂರರಲ್ಲೇ ಜೊತೆ ಕೊಡಬಹುದು. ಕೋರ್ಸಿನಲ್ಲಿ ಇದನ್ನು ಹೀಗೆ ಹೇಳುವುದಿಲ್ಲ, ಹೇಳಲು ಅವರಿಗೆ ಕಾರಣವೂ ಇಲ್ಲ. ಸಂಗೀತದ ಕ್ಲಾಸಿಗೆ ಎರಡು ವರ್ಷ ಹೋಗಿ ಸರಳೆ ವರಿಸೆ, ಜಂಟಿ ವರಿಸೆಗೆ ನಿಲ್ಲಿಸಿದವರು ನಮ್ಮಲ್ಲಿ ಮನೆಗೊಬ್ಬರು ಇದ್ದೇ ಇರುತ್ತಾರೆ. ಅವರು ಇಲ್ಲಿ ಬೇಗ ಮುಂದೆ ಹೋಗುತ್ತಾರೆ. ನಮ್ಮ ಪುಟ್ಟಿ ಹಾಗೇ ಹೋದಳು.

ಎಡಗೈಯ ವಿಷಯದಲ್ಲಿ ಕೋರ್ಸು ಹೇಳುವುದು ಹೊಸದೇನಲ್ಲ, ಆದರೆ ಬಿಡದೆ ಹೇಳುತ್ತದೆ. ಬೆರಳಿನ ತುದಿಯಿಂದ ಒತ್ತಬೇಕು, ಉಗುರು ಕತ್ತರಿಸಿರಬೇಕು, ಬೆರಳು ಫ್ರೆಟ್ಟಿನ ಕಂಬಿಗೆ ತಾಗಿದ ಹಾಗೆ ಅದರ ಹಿಂದೆಯೇ ಇರಬೇಕು. ಎರಡು ಕಂಬಿಗಳ ನಡುವೆ ಒತ್ತಿದರೆ ಎರಡು ಪಟ್ಟು ಬಲ ಹಾಕಿದರೂ ಗರ್ ಅನ್ನುತ್ತದೆ. ಕಂಬಿಯ ಪಕ್ಕ ಒತ್ತಿ ನೋಡಿ, ಮೆತ್ತಗೆ ಒತ್ತಿದರೂ ಸ್ವರ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಕಾರ್ಡ್ ಹಿಡಿದ ಮೇಲೆ ಒಂದೊಂದೇ ತಂತಿ ಮೀಟಿ ನೋಡಬೇಕು. ಯಾವುದು ಸತ್ತಿದೆ, ಯಾವ ಬೆರಳು ಪಕ್ಕದ ತಂತಿಗೆ ಒರಗಿದೆ ಅಂತ ಆಗಲೇ ಗೊತ್ತಾಗುತ್ತದೆ. ಇದನ್ನು ಬೇಜಾರು ಅಂತ ಬಿಟ್ಟವರ ಕಾರ್ಡ್ ಆಮೇಲೆ ಎಷ್ಟು ದಿನ ಆದರೂ ಮಂಕಾಗಿಯೇ ಇರುತ್ತದೆ.

ಬೆರಳು ಉರಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. "ಎಂತ ಮಾಡದು ಮಾವ, ಬೆರಳು ಉರಿತಾ ಉಂಟು" ಅಂತ ಪುಟ್ಟಿ ಮೊದಲ ವಾರ ದಿನಾ ಹೇಳುತ್ತಿದ್ದಳು. ಒಂದೇ ಸಲ ಗಂಟೆಗಟ್ಟಲೆ ಕೂರಬೇಡಿ. ಹತ್ತು ನಿಮಿಷ ನುಡಿಸಿ, ಇಟ್ಟು ಬೇರೆ ಕೆಲಸ ನೋಡಿ, ಮತ್ತೆ ಬನ್ನಿ. ಕೆಲವು ವಾರದಲ್ಲಿ ತುದಿಯ ಚರ್ಮ ಗಟ್ಟಿಯಾಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಶುರು ಮಾಡುವವರಿಗೆ ಒಂದು ಮಾತು: ಮೆಟ್ಟುಗತ್ತಿಯ ಮೇಲೆ ಕೂತು ಎದ್ದು ಬಂದ ಕೈಯಲ್ಲಿ ಹಸಿ ಗಾಯ ಇದ್ದರೆ ಎಡಗೈಗೆ ಎರಡು ದಿನ ರಜ ಕೊಡಿ, ಬಲಗೈ ಮಾತ್ರ ಅಭ್ಯಾಸ ಮಾಡಿ. ಕೈಗೆ ಹಿಡಿದ ಚೊಗರು ಪೂರ್ತಿ ತೊಳೆದು ಒರೆಸಿಕೊಂಡೇ ಗಿಟಾರ್ ಮುಟ್ಟಿ. ತಂತಿಗೆ ಅದು ಅಂಟಿದರೆ ನಾದ ಬೇಗ ಮಂಕಾಗುತ್ತದೆ.

ಇಡೀ ಕೋರ್ಸಿನಲ್ಲಿ ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳಿ ಅಂದರೆ ನಾನು ಒನ್ ಮಿನಿಟ್ ಚೇಂಜಸ್ ಉಳಿಸಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಡಬೇಕು. ಎ ಹಿಡಿದು ಒಂದು ಸಲ ಮೀಟು, ಡಿ ಹಿಡಿದು ಒಂದು ಸಲ ಮೀಟು, ಮತ್ತೆ ಎ. ನಿಮಿಷ ಮುಗಿಯುವ ಹೊತ್ತಿಗೆ ಎಷ್ಟು ಸಲ ಬದಲಾಯಿತು ಅಂತ ಎಣಿಸಿ ಬರೆದಿಡಬೇಕು. ಅಷ್ಟೇ. ಮೂವತ್ತು ದಾಟಿದರೆ ನಿಧಾನದ ಹಾಡಿಗೆ ಸಾಕಾಗುತ್ತದೆ, ಅರವತ್ತಕ್ಕೆ ಹೋದರೆ ಕೈ ತಾನಾಗಿ ನಡೆಯುತ್ತದೆ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಬ್ಬರ ಲೆಕ್ಕವೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ. ಇಬ್ಬರು ಇದ್ದರೆ ಒಬ್ಬರು ನುಡಿಸಲಿ, ಇನ್ನೊಬ್ಬರು ಎಣಿಸಲಿ. ಮಕ್ಕಳಿಗೆ ಇದು ಆಟದ ಹಾಗೆ ಆಗಿ, ಇನ್ನೊಂದು ಸಲ, ಇನ್ನೊಂದು ಸಲ ಅಂತ ಅವರೇ ಕೇಳುತ್ತಾರೆ. ದೊಡ್ಡವರಿಗೆ ಬೇರೆ ರೀತಿ ಉಪಯೋಗ. ಇವತ್ತು ಏನೂ ಬರಲಿಲ್ಲ ಅನ್ನಿಸಿದ ದಿನವೂ ಹಾಳೆಯ ಮೇಲಿನ ಅಂಕಿ ಹೋದ ವಾರಕ್ಕಿಂತ ಜಾಸ್ತಿ ಇರುತ್ತದೆ. ಆಗ ಬಿಡುವ ಮನಸ್ಸು ಬರುವುದಿಲ್ಲ.

ಬಲಗೈಗೆ ಬರೋಣ. ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವ ಪಾಠದ ಸಾರ ಒಂದೇ, ಕೈ ನಿಲ್ಲಬಾರದು. ಒಂದು, ಎರಡು, ಮೂರು, ನಾಲ್ಕು ಅಂತ ಕಾಲು ತಟ್ಟುತ್ತಾ ಕೈ ಕೆಳಗೆ, ಮೇಲೆ, ಕೆಳಗೆ, ಮೇಲೆ ಹೋಗುತ್ತಲೇ ಇರಬೇಕು. ಕೆಲವು ಸಲ ತಂತಿಗೆ ತಾಗುತ್ತದೆ, ಕೆಲವು ಸಲ ಗಾಳಿಯಲ್ಲಿ ಹೋಗುತ್ತದೆ. ಅವರು ಓಲ್ಡ್ ಫೇತ್‌ಫುಲ್ ಅಂತ ಕರೆಯುವ ಒಂದು ನಡೆ ಇದೆ: ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ. ಮೂರನೇ ಏಟಿಗೆ ಕೈ ಕೆಳಗೆ ಹೋಗುತ್ತದೆ, ಆದರೆ ತಂತಿ ಮುಟ್ಟುವುದಿಲ್ಲ. ಇದು ಬಂದರೆ ನಾಲ್ಕರ ಎಣಿಕೆಯ ಹಾಡು ಯಾವುದಾದರೂ ಸರಿ, ನಡೆಯುತ್ತದೆ. ಶುರುವಿಗೆ ತೆಳು ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ತೆಗೆದುಕೊಳ್ಳಿ, 0.60 ಮಿಲಿಮೀಟರ್ ಆಸುಪಾಸಿನದು. ದಪ್ಪ ಪಿಕ್ ತಂತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟಾದರೂ ನಮ್ಮ ಹಾಡುಗಳಲ್ಲಿ ಮೂರರ, ಆರರ ನಡೆ ಬಹಳ. ಕೋರ್ಸಿನಲ್ಲಿ ಮೊದಮೊದಲು ನಾಲ್ಕರದ್ದೇ ಹೆಚ್ಚು. ಹಾಗಾಗಿ ಒಂದು-ಎರಡು-ಮೂರು ಅಂತ, ಮೊದಲ ಏಟಿಗೆ ದಪ್ಪ ತಂತಿ, ಉಳಿದ ಎರಡಕ್ಕೆ ತೆಳು ತಂತಿಗಳು ಬರುವ ಹಾಗೆ ನೀವೇ ಬೇರೆ ಅಭ್ಯಾಸ ಇಟ್ಟುಕೊಳ್ಳಿ. ಸುಗಮ ಸಂಗೀತ ಕೇಳಿ ಬೆಳೆದ ಜಿಲ್ಲೆ ನಮ್ಮದು, ಶಿವಮೊಗ್ಗ ಸುಬ್ಬಣ್ಣನವರ ಊರು. ಆ ನಡೆ ಕಿವಿಯಲ್ಲಿ ಆಗಲೇ ಇರುತ್ತದೆ, ಕೈಗೆ ಇಳಿಸುವುದಷ್ಟೇ ಬಾಕಿ.

ಈಗ ಗಿಟಾರ್. ನಾವು ತಂದದ್ದು ಯಮಹಾ ಎಫ್310. ಪೂರ್ತಿ ಅಳತೆಯ ಅಕೂಸ್ಟಿಕ್, ಸ್ಟೀಲ್ ತಂತಿ, ಹತ್ತು ಸಾವಿರದ ಆಸುಪಾಸು. ಶ್ರುತಿ ನಿಲ್ಲುತ್ತದೆ, ನಾದ ಬೆಚ್ಚಗಿದೆ, ಹೊಸಬರಿಗೆ ಇದಕ್ಕಿಂತ ದೊಡ್ಡದು ಬೇಕಾಗಿಲ್ಲ. ಸಣ್ಣ ಮಕ್ಕಳಿಗೆ ಇದರ ಡಬ್ಬ ದೊಡ್ಡದಾಗುತ್ತದೆ, ಬಲಗೈ ಮೇಲೆ ಹಾಕುವಷ್ಟರಲ್ಲಿ ಹೆಗಲು ಎದ್ದು ನಿಲ್ಲುತ್ತದೆ. ಅವರಿಗೆ ಮುಕ್ಕಾಲು ಅಳತೆಯದು ನೋಡಿ. ಮೂರು ಸಾವಿರಕ್ಕೆ ಸಿಗುವ ಬಣ್ಣಬಣ್ಣದ ಗಿಟಾರುಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಕಲಿಯುವ ಆಸೆ ಇರುವವರಿಗೆ ಅದನ್ನು ಕೊಡಿಸಬೇಡಿ. ನಾನು ನುಡಿಸಿ ನೋಡಿದವುಗಳಲ್ಲಿ ತಂತಿ ಎಷ್ಟು ಮೇಲಿತ್ತು ಅಂದರೆ ದೊಡ್ಡವರ ಬೆರಳೇ ಸೋಲುತ್ತಿತ್ತು.

ತಂತಿ ಎಷ್ಟು ಮೇಲಿದೆ ಅನ್ನುವುದಕ್ಕೆ ಆ್ಯಕ್ಷನ್ ಅನ್ನುತ್ತಾರೆ. ಒಬ್ಬ ಹೊಸಬ ಕಲಿಯುತ್ತಾನೋ ಬಿಡುತ್ತಾನೋ ಅನ್ನುವುದು ಅರ್ಧಕ್ಕರ್ಧ ಇದರ ಮೇಲೆ ನಿಂತಿದೆ. ಅಳೆಯುವುದು ಸುಲಭ. ಹನ್ನೆರಡನೇ ಫ್ರೆಟ್ಟಿನ ಕಂಬಿಯ ಮೇಲೆ ಕಂಪಾಸ್ ಬಾಕ್ಸಿನ ಸ್ಕೇಲು ನೆಟ್ಟಗೆ ನಿಲ್ಲಿಸಿ ತಂತಿಯ ಅಡಿಯವರೆಗೆ ನೋಡಿ. ಸ್ಕೇಲಿನ ತುದಿಯಿಂದ ಸೊನ್ನೆಯ ಗೆರೆಯವರೆಗೆ ಜಾಗ ಬಿಟ್ಟಿರುತ್ತಾರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್ ಇದ್ದರೆ ಆರಾಮ. ಮೂರೂವರೆ ದಾಟಿದ್ದರೆ ಮೊದಲು ಗಿಟಾರ್ ಸರಿ ಮಾಡಿಸಿ, ಆಮೇಲೆ ಪಾಠ.

ನಮ್ಮದನ್ನು ಶಿವಮೊಗ್ಗದಲ್ಲೇ ವಾದ್ಯ ರಿಪೇರಿ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಹಾರ್ಮೋನಿಯಂ, ತಬಲಾ ಎಲ್ಲ ನೋಡುತ್ತಾರೆ, ಗಿಟಾರೂ ನೋಡುತ್ತಾರೆ. ತಂತಿ ಒತ್ತಿ ನೋಡಿ, "ಮಗು ಕೈಗೆ ಇದನ್ನ ಹಿಂಗೇ ಕೊಟ್ರೆ ಹ್ಯಾಗೆ ಕಲಿಯತ್ತೆ ಸರ್" ಅಂದರು. ತಂತಿ ಸಡಿಲ ಮಾಡಿ, ಕೆಳಗೆ ಸೇತುವೆಯ (ಡಬ್ಬದ ಮುಖಕ್ಕೆ ಅಂಟಿಸಿ ತಂತಿಯ ಕೆಳತುದಿ ಸಿಕ್ಕಿಸುವ ಮರದ ತುಂಡು, ಬ್ರಿಡ್ಜ್) ಮೇಲೆ ಕೂರುವ ಬಿಳೀ ಪಟ್ಟಿ, ಅಂದರೆ ಸ್ಯಾಡಲ್, ಅದನ್ನು ಹೊರಗೆ ತೆಗೆದು ಪೆನ್ಸಿಲಿನಲ್ಲಿ ಗೆರೆ ಎಳೆದರು. ಗಾಜಿನ ಮೇಲೆ ಮರಳು ಕಾಗದ ಹಾಸಿ ಪಟ್ಟಿಯ ಅಡಿಯನ್ನು ಉಜ್ಜಿದರು. ಮೇಲಿನ ದುಂಡು ಭಾಗ ಮುಟ್ಟಲೇ ಇಲ್ಲ. ಹನ್ನೆರಡನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕು ಅಂದರೆ ಸ್ಯಾಡಲ್ ಒಂದು ಮಿಲಿಮೀಟರ್ ಸವೆಯಬೇಕು, ಯಾಕೆಂದರೆ ಆ ಫ್ರೆಟ್ ತಂತಿಯ ನಟ್ಟನಡುವೆ ಇರುವುದು. ಸ್ವಲ್ಪ ಉಜ್ಜುವುದು, ಹಾಕಿ ನೋಡುವುದು, ಮತ್ತೆ ತೆಗೆಯುವುದು. ಜಾಸ್ತಿ ಸವೆದರೆ ತಂತಿ ಕಂಬಿಗೆ ಬಡಿದು ಗರಗರ ಅನ್ನುತ್ತದೆ, ಆಮೇಲೆ ಹೊಸ ಪಟ್ಟಿಯೇ ಬೇಕು. ಕೆಲಸ ಮುಗಿದು ಪುಟ್ಟಿ ಎ ಕಾರ್ಡ್ ಹಿಡಿದಾಗ ಅವಳ ಮುಖ ನೋಡಬೇಕಿತ್ತು. ಕೆಲವು ನೂರು ರೂಪಾಯಿಯಲ್ಲಿ ಆದ ಆ ಕೆಲಸ ನಮ್ಮ ಅಭ್ಯಾಸಕ್ಕೆ ಕೊಟ್ಟಷ್ಟು ವೇಗ ಬೇರೆ ಯಾವುದೂ ಕೊಡಲಿಲ್ಲ. ಮಾರುವಾಗಲೇ ಅಂಗಡಿಯವರು ಇದನ್ನು ಮಾಡಿಕೊಡಬೇಕು ಅಂತ ನನ್ನ ಆಸೆ. ಕೊಳ್ಳುವವರು ಕೇಳಿದರೆ ಮಾಡಿಕೊಡುವವರೂ ಇದ್ದಾರೆ, ದಯವಿಟ್ಟು ಕೇಳಿ. ತಂತಿಯನ್ನೂ 11ರ ಇಲ್ಲಾ 10ರ ಸೆಟ್ಟಿಗೆ ಬದಲಿಸಿಕೊಳ್ಳಿ. ಅಂದರೆ ಅತಿ ತೆಳು ತಂತಿ 0.011 ಅಥವಾ 0.010 ಇಂಚು. 12ರ ಸೆಟ್ಟಿಗಿಂತ ಬೆರಳಿಗೆ ಹಗುರ.

ಮಳೆಗಾಲ ಬಂದರೆ ಇದೆಲ್ಲ ಮತ್ತೆ ನೋಡಬೇಕು. ಗಿಟಾರಿಗೆ ಗಾಳಿಯ ತೇವ 45ರಿಂದ 55 ಪರ್ಸೆಂಟ್ ಇದ್ದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಆಗುಂಬೆ ಇರುವ ತಾಲ್ಲೂಕಿನಲ್ಲಿ ಅಷ್ಟು ಒಣ ಗಾಳಿ ಎಲ್ಲಿಂದ ತರೋಣ? ಮರ ನೀರು ಕುಡಿದು ಉಬ್ಬುತ್ತದೆ, ಡಬ್ಬದ ಮುಖ ಎದ್ದು ಸೇತುವೆಯನ್ನೂ ಮೇಲೆತ್ತುತ್ತದೆ, ತಂತಿ ಮತ್ತೆ ದೂರವಾಗುತ್ತದೆ. ಮೇ ತಿಂಗಳಲ್ಲಿ ಸಲೀಸಾಗಿ ಬರುತ್ತಿದ್ದ ಕಾರ್ಡ್ ಆಗಸ್ಟಿನಲ್ಲಿ ಬಾರದೆ ಹೋದರೆ ನಿಮ್ಮ ಕೈಯನ್ನು ದೂರಬೇಡಿ, ಮೊದಲು ಸ್ಕೇಲು ತನ್ನಿ. ಹಾಗಂತ ಮಳೆಗಾಲದಲ್ಲೇ ಸ್ಯಾಡಲ್ ಉಜ್ಜಿಸಬೇಡಿ. ಬೇಸಿಗೆಯಲ್ಲಿ ಮರ ಇಳಿದಾಗ ತಂತಿ ಬಡಿಯಲು ಶುರುವಾಗುತ್ತದೆ.

ಗಿಟಾರನ್ನು ಹೊರಗೋಡೆಗೆ ನೇತು ಹಾಕಬೇಡಿ, ಆ ಗೋಡೆಯಲ್ಲಿ ನೀರು ಇಳಿಯುತ್ತಿರುತ್ತದೆ. ಬೆಚ್ಚಗೆ ಇರಲಿ ಅಂತ ಬಚ್ಚಲ ಒಲೆಯ ಹತ್ತಿರವೋ ಹೊಗೆ ಅಟ್ಟದ ಮೇಲೋ ಇಡುವವರಿದ್ದಾರೆ, ಅದು ಇನ್ನೂ ಕೆಡುಕು. ಒಂದೇ ಕಡೆ ಕಾವು ಬಿದ್ದರೆ ಮರ ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ನಡುಮನೆಯ ಒಳಗೋಡೆ, ಇಲ್ಲಾ ಜಿಪ್ ಇರುವ ದಪ್ಪ ಚೀಲ, ಚೀಲದೊಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ. ಚೀಲದಲ್ಲೇ ವಾರಗಟ್ಟಲೆ ಬಿಟ್ಟರೆ ಪಟ್ಟಿಗೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ದಿನಾ ತೆಗೆದು ನುಡಿಸುವುದೇ ಅದಕ್ಕೆ ಮದ್ದು. ನುಡಿಸಿ ಆದ ಮೇಲೆ ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಒಂದೊಂದು ತಂತಿಯನ್ನೂ ಹಿಡಿದು ಒರೆಸಿ, ಅಡಿಯೂ ಒರೆಸಿ. ಸುತ್ತು ಹಾಕಿದ ಕಂಚಿನ ತಂತಿಗಳು ಕಪ್ಪಾಗುತ್ತವೆ ಅಷ್ಟೇ, ಸುತ್ತಿಲ್ಲದ ತೆಳುವಾದ ಎರಡು ಸ್ಟೀಲ್ ತಂತಿ ತುಕ್ಕು ಹಿಡಿದು ಬೆರಳಿಗೆ ಗೀರುತ್ತವೆ. ಲೇಪನ ಇರುವ ತಂತಿ ದುಬಾರಿ, ಆದರೆ ಮಲೆನಾಡಿನ ಮಳೆಗೆ ಕೊಟ್ಟ ದುಡ್ಡು ಮೋಸ ಇಲ್ಲ.

ಶ್ರುತಿ ಮಾಡುವುದಕ್ಕೆ ಮೊಬೈಲ್ ಆ್ಯಪ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೊಬೈಲಿನ ಮೈಕಿಗೆ ಗಿಟಾರ್ ಕೇಳಿಸುವುದೇ ಇಲ್ಲ ಮಾರಾಯ್ರೆ! ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ತೆಗೆದುಕೊಳ್ಳಿ. ಅದು ಮರದ ನಡುಕ ಹಿಡಿದು ಸ್ವರ ತೋರಿಸುತ್ತದೆ, ಹೊರಗಿನ ಸದ್ದು ಅದಕ್ಕೆ ಲೆಕ್ಕಕ್ಕಿಲ್ಲ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಟ್ಯೂನರ್ ಇಲ್ಲದಾಗ ಕಿವಿಯಿಂದ ಮಾಡುವುದೂ ಗೊತ್ತಿರಲಿ: ಆರನೇ ತಂತಿಯ ಐದನೇ ಫ್ರೆಟ್ ಒತ್ತಿದರೆ ಐದನೇ ತಂತಿಯ ಸ್ವರ, ಹೀಗೇ ಮುಂದಕ್ಕೆ. ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್ ಒತ್ತಿ ಎರಡನೆಯದನ್ನು ಕೂಡಿಸಬೇಕು. ತಂಬೂರಿ ಶ್ರುತಿ ಕೇಳಿದ ಕಿವಿಗೆ ಎರಡು ತಂತಿ ಸೇರಿದ್ದು ಥಟ್ಟನೆ ಗೊತ್ತಾಗುತ್ತದೆ.

ಇನ್ನು ನಮ್ಮ ಹಾಡುಗಳು. ಕೋರ್ಸಿನ ಹಾಡುಗಳೆಲ್ಲ ಇಂಗ್ಲಿಷಿನವು, ಅದು ಅಲ್ಲಿಯವರಿಗಾಗಿ ಮಾಡಿದ್ದು, ತಪ್ಪೇನಿಲ್ಲ. ನಮಗೆ ಗೊತ್ತಿಲ್ಲದ ಹಾಡಿಗೆ ಕಾರ್ಡ್ ಬದಲಿಸುವ ಜಾಗ ಹಿಡಿಯುವುದು ಮಾತ್ರ ಕಷ್ಟ. ಪಾಠದ ತಂತ್ರ ಅಲ್ಲಿಂದ ತೆಗೆದುಕೊಂಡು, ನಿಮಗೆ ನಿದ್ದೆಯಲ್ಲೂ ಬರುವ ಕನ್ನಡ ಹಾಡಿಗೆ ಹಾಕಿ ನೋಡಿ, ಅಭ್ಯಾಸ ಎರಡು ಪಟ್ಟು ಓಡುತ್ತದೆ. ಇದಕ್ಕೆ ಕಾಪೊ, ಅಂದರೆ ಕತ್ತಿನ ಮೇಲೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಬೇಕೇ ಬೇಕು, ಕೆಲವು ನೂರು ರೂಪಾಯಿಯ ಸಾಮಾನು. ಒಂದೊಂದು ಫ್ರೆಟ್ಟಿಗೆ ಅರ್ಧ ಸ್ವರ ಏರಿಸುತ್ತದೆ. ಯಕ್ಷಗಾನ ನೋಡುವವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಸಿ ಅಂದರೆ ಬಿಳಿ ಒಂದು, ಡಿ ಬಿಳಿ ಎರಡು. ಒಂದನೇ ಫ್ರೆಟ್ಟಿಗೆ ಕಾಪೊ ಹಾಕಿ ಸಿ ಕಾರ್ಡಿನ ಆಕಾರ ಹಿಡಿದರೆ ಕಪ್ಪು ಒಂದು, ಡಿ ಆಕಾರ ಹಿಡಿದರೆ ಕಪ್ಪು ಎರಡು, ಜಿ ಹಿಡಿದರೆ ಕಪ್ಪು ನಾಲ್ಕು, ಎ ಹಿಡಿದರೆ ಕಪ್ಪು ಐದು. ಹಾಡುವವರ ಶ್ರುತಿ ಯಾವುದೇ ಇರಲಿ, ಗೊತ್ತಿರುವ ಅದೇ ಎಂಟು ಕಾರ್ಡಿನಲ್ಲಿ ಜೊತೆ ಕೊಡಬಹುದು. ನನ್ನ ಅಮ್ಮ ಹಾಡುವುದು ಕಪ್ಪು ನಾಲ್ಕಕ್ಕೆ. ಒಂದನೇ ಫ್ರೆಟ್ಟಿಗೆ ಕಾಪೊ, ಜಿ, ಸಿ, ಡಿ ಆಕಾರ. ಸಂಜೆ ದೀಪ ಹಚ್ಚಿದ ಮೇಲೆ ಅವರು ಹೇಳುವ ದೇವರ ನಾಮಕ್ಕೆ ಪುಟ್ಟಿ ಈಗ ಜೊತೆಗೆ ನುಡಿಸುತ್ತಾಳೆ. ಗಮಕ ಜಾಸ್ತಿ ಇರುವ ಕಡೆ ಕಾರ್ಡ್ ಬದಲಿಸದೆ ಸ-ಪ ಮಾತ್ರ ಹಿಡಿದು ಸುಮ್ನೆ ಇರುವುದು ಒಳ್ಳೆಯದು, ಅಲ್ಲಿ ಕಾರ್ಡ್ ತುರುಕಿದರೆ ರಾಗ ಕೆಡುತ್ತದೆ.

ನೆಟ್ಟಿನ ಮಾತು. ಮಳೆ, ಗಾಳಿ, ಕರೆಂಟು ಹೋದರೆ ಟವರ್ ಇಲ್ಲ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಸಿಗ್ನಲ್ ಇರುವ ಕಡೆ ಹೋದಾಗ ಆ ವಾರದ ಪಾಠದ ವಿಡಿಯೊಗಳನ್ನು ಯೂಟ್ಯೂಬಿನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಂದು ಮಾಡ್ಯೂಲಿನಲ್ಲಿ, ಅಂದರೆ ಗ್ರೇಡಿನೊಳಗಿನ ಒಂದು ಪಾಠಗುಚ್ಛದಲ್ಲಿ, ಅಭ್ಯಾಸವೇ ಜಾಸ್ತಿ, ನೋಡುವುದು ಕಡಿಮೆ. ಒಂದು ಸಲ ನೋಡಿ ಎರಡು ವಾರ ನೆಟ್ ಇಲ್ಲದೆ ಅಭ್ಯಾಸ ಮಾಡಬಹುದು. ಇಂಗ್ಲಿಷ್ ಅಷ್ಟೇನೂ ಕಷ್ಟ ಇಲ್ಲ, ನಿಧಾನಕ್ಕೆ ಮಾತಾಡುತ್ತಾರೆ, ಕೈ ಹತ್ತಿರದಿಂದ ತೋರಿಸುತ್ತಾರೆ. ಇಂಗ್ಲಿಷ್ ಬರದವರು ಜೊತೆಗೆ ಮಕ್ಕಳನ್ನು ಕೂರಿಸಿಕೊಳ್ಳಿ.

ಮೇಷ್ಟ್ರು ಬೇಡವೇ? ಹತ್ತಿರದಲ್ಲಿ ಒಳ್ಳೆಯವರು ಸಿಕ್ಕರೆ ಖಂಡಿತ ಹೋಗಿ. ವಿಡಿಯೊ ನಿಮ್ಮ ಮಣಿಕಟ್ಟು ಮಡಚಿದ್ದನ್ನು ನೋಡುವುದಿಲ್ಲ, ಹೆಬ್ಬೆರಳು ಗಿಟಾರಿನ ಕತ್ತನ್ನು ಬಿಗಿಯಾಗಿ ಹಿಸುಕುತ್ತಿರುವುದನ್ನು ನೋಡುವುದಿಲ್ಲ. ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಬಂದು ಗಿಟಾರ್ ಬಲ್ಲ ಒಬ್ಬರ ಎದುರು ಹತ್ತು ನಿಮಿಷ ನುಡಿಸಿ ತೋರಿಸಿದರೂ ಆ ಕೊರತೆ ತುಂಬುತ್ತದೆ. ಅದೂ ಆಗದಿದ್ದರೆ ಮೊಬೈಲ್ ಎದುರು ಇಟ್ಟು ನಿಮ್ಮದೇ ಕೈ ವಿಡಿಯೊ ಮಾಡಿ, ಪಾಠದ ವಿಡಿಯೊ ಪಕ್ಕ ಇಟ್ಟು ನೋಡಿ. ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ಸಹಿಸಿಕೊಂಡು ಮುಂದುವರಿಸಬೇಡಿ. ಬೆರಳ ತುದಿ ಉರಿಯುವುದು ಬೇರೆ, ಕೀಲು ನೋಯುವುದು ಬೇರೆ.

ಎರಡನೇ ಗ್ರೇಡಿಗೆ ನಾವು ಈಗ ಕಾಲಿಟ್ಟಿದ್ದೇವೆ, ಎಫ್ ಕಾರ್ಡ್ ಎದುರಿಗಿದೆ. ಅದರ ಬಗ್ಗೆ ನಾನು ಈಗಲೇ ಏನೂ ಹೇಳುವುದಿಲ್ಲ. ಮೊದಲ ಗ್ರೇಡ್ ಮಟ್ಟಿಗೆ ಕೇಳಿದರೆ ಐದರಲ್ಲಿ ಐದೂ ಕೊಡುತ್ತೇನೆ. ಕೊಳ್ಳುವ ಕ್ರಮ ಹೀಗಿರಲಿ: ಗಿಟಾರ್, ಆ್ಯಕ್ಷನ್ ಇಳಿಸುವ ಕೆಲಸ, ಕ್ಲಿಪ್ ಟ್ಯೂನರ್, ತೆಳು ಪಿಕ್ ಮೂರ್ನಾಲ್ಕು (ಅವು ಕಳೆದುಹೋಗುತ್ತಲೇ ಇರುತ್ತವೆ), ಎರಡನೇ ತಿಂಗಳಿಗೆ ಕಾಪೊ. ಒಂದನೇ ತಂತಿ ಎರಡು ಬಿಡಿಯಾಗಿ ತಂದಿಟ್ಟುಕೊಳ್ಳಿ, ಶ್ರುತಿ ಏರಿಸುವಾಗ ಮೊದಲು ಹರಿಯುವುದು ಅದೇ, ಮತ್ತು ಅದು ಹರಿಯುವುದು ಭಾನುವಾರ ಸಂಜೆ ಪೇಟೆ ಮುಚ್ಚಿದ ಮೇಲೆಯೇ.